ಬೀಟಲ್ಸ್ ಬೆಳೆದ ಬೀದಿಗಳು: ಲಿವರ್‌ಪೂಲ್ ಮತ್ತು ಹ್ಯಾಂಬರ್ಗ್ ಕಾಲ್ನಡಿಗೆಯಲ್ಲಿ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಬೀಟಲ್ಸ್ ಹೆಸರಿನಲ್ಲಿ ಲಿವರ್‌ಪೂಲ್‌ಗೆ ಹೋಗುವ ಹೆಚ್ಚಿನವರು ಎರಡು ತಾಸಿನ ಬಸ್ ಟೂರ್ ಹತ್ತುತ್ತಾರೆ, ಒಂದೆರಡು ಗೇಟುಗಳ ಮುಂದೆ ಇಳಿದು ಫೋಟೊ ತೆಗೆಯುತ್ತಾರೆ, ಸಂಜೆ ಕ್ಯಾವರ್ನ್ ಕ್ಲಬ್‌ನಲ್ಲಿ ಸ್ವಲ್ಪ ಹೊತ್ತು ನಿಂತು ಹೊರಡುತ್ತಾರೆ. ಜಾಗಗಳೇನೋ ಕಣ್ಣಿಗೆ ಬೀಳುತ್ತವೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ಎಂಬುದು ಮಾತ್ರ ತಿಳಿಯುವುದಿಲ್ಲ. ಈ ತಂಡದ ಮಟ್ಟಿಗೆ ಆ ದೂರವೇ ಮುಖ್ಯ. ಜಾನ್ ಲೆನನ್ ಮನೆಯಿಂದ ಪಾಲ್ ಮೆಕಾರ್ಟ್ನಿ ಮನೆಗೆ ಗಾಲ್ಫ್ ಮೈದಾನ ದಾಟಿದರೆ ಸುಮಾರು ಇಪ್ಪತ್ತು ನಿಮಿಷ. ಜಾನ್ ಓದಿದ ಆರ್ಟ್ ಕಾಲೇಜೂ, ಪಾಲ್ ಮತ್ತು ಜಾರ್ಜ್ ಹ್ಯಾರಿಸನ್ ಓದಿದ ಶಾಲೆಯೂ ಒಂದಕ್ಕೊಂದು ತಾಗಿಕೊಂಡ ಕಟ್ಟಡಗಳು. ಹ್ಯಾಂಬರ್ಗಿನಲ್ಲಿ ಅವರು ತಿಂಗಳುಗಟ್ಟಲೆ ನುಡಿಸಿದ ನಾಲ್ಕು ಕ್ಲಬ್‌ಗಳಲ್ಲಿ ಮೂರು ಒಂದೇ ಬೀದಿಯಲ್ಲಿದ್ದವು. ಹದಿನಾರು ಹದಿನೇಳರ ಹುಡುಗರು ದಿನವೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಗಿಟಾರ್ ಹಿಡಿದು ಕೂರಲು ಹೇಗೆ ಸಾಧ್ಯವಾಯಿತು ಎಂಬುದು ಆ ದಾರಿಗಳಲ್ಲಿ ನಡೆದಾಗಲೇ ಗೊತ್ತಾಗುತ್ತದೆ. ಹಾಗಾಗಿ ಈ ಮಾರ್ಗದರ್ಶಿ ನಡೆಯುವವರಿಗೆ. ಲಿವರ್‌ಪೂಲ್‌ಗೆ ಮೂರು ದಿನ, ಹ್ಯಾಂಬರ್ಗ್‌ಗೆ ಎರಡು ರಾತ್ರಿ ಇಟ್ಟುಕೊಳ್ಳಿ.

ಹೊರಡುವ ಮುಂಚೆ ಒಂದು ವಿಷಯ ಸ್ಪಷ್ಟವಾಗಿರಲಿ. ಇಲ್ಲಿನ ಜಾಗಗಳು ಮೂರು ಬಗೆ: ಇದ್ದ ಹಾಗೇ ಉಳಿದವು, ಕೆಡವಿ ಮತ್ತೆ ಕಟ್ಟಿದವು, ಬರೀ ಫಲಕವಾಗಿ ಉಳಿದವು. ಲಿವರ್‌ಪೂಲ್‌ನ ಕ್ಯಾವರ್ನ್ ಎರಡನೆಯ ಬಗೆ, ಹ್ಯಾಂಬರ್ಗಿನ ಸ್ಟಾರ್ ಕ್ಲಬ್ ಮೂರನೆಯದು, ಲಿವರ್‌ಪೂಲ್‌ನದೇ ಆದ ಕ್ಯಾಸ್ಬಾ ಕಾಫಿ ಕ್ಲಬ್ ಮೊದಲನೆಯದು. ಇದು ಗೊತ್ತಿಲ್ಲದೆ ಹೋದವರು ಪ್ರಸಿದ್ಧವಾದ ಕಡೆ ನಿರಾಸೆಪಟ್ಟು, ನಿಜವಾಗಿ ಉಳಿದಿರುವ ಜಾಗವನ್ನು ನೋಡದೆ ಬರುತ್ತಾರೆ.

ವೀಸಾ, ಕಾಲ, ಬುಕಿಂಗ್

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎರಡು ವೀಸಾ ಬೇಕು. ಹ್ಯಾಂಬರ್ಗ್ ಇರುವ ಜರ್ಮನಿಗೆ ಬೇಕಾದ ಷೆಂಗೆನ್ ವೀಸಾ ಬ್ರಿಟನ್ನಿನಲ್ಲಿ ನಡೆಯುವುದಿಲ್ಲ, ಬ್ರಿಟನ್ ವೀಸಾ ಜರ್ಮನಿಯಲ್ಲಿ ನಡೆಯುವುದಿಲ್ಲ. ಎರಡಕ್ಕೂ ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಬೆರಳಚ್ಚು ಕೊಡಬಹುದು. ಆದರೆ ಅರ್ಜಿ ಪರಿಶೀಲನೆಯಲ್ಲಿರುವಾಗ ಪಾಸ್‌ಪೋರ್ಟ್ ಸಾಮಾನ್ಯವಾಗಿ ಅವರ ಕೈಯಲ್ಲೇ ಇರುವುದರಿಂದ ಎರಡು ಅರ್ಜಿಗಳನ್ನೂ ಒಟ್ಟಿಗೆ ಹಾಕಲಾಗುವುದಿಲ್ಲ. ಒಂದು ಕೈಗೆ ಬಂದ ಮೇಲೆ ಇನ್ನೊಂದು. ಪ್ರವಾಸಕ್ಕೆ ಮೂರು ತಿಂಗಳು ಇರುವಾಗಲೇ ಬ್ರಿಟನ್ನಿನದನ್ನು ಶುರುಮಾಡಿ, ಅದಕ್ಕಿಂತ ಮುಂಚೆ ಹಾಕಲಾಗದು. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಬೇಕು. ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಜೂನ್, ಜುಲೈನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ನಡಿಗೆಗೆ ಇನ್ನೂ ಅನುಕೂಲ. ಆದರೆ ಆಗಸ್ಟ್ ಕೊನೆಯ ವಾರ ಲಿವರ್‌ಪೂಲ್‌ನಲ್ಲಿ ಅಂತರರಾಷ್ಟ್ರೀಯ ಬೀಟಲ್‌ವೀಕ್ ನಡೆಯುತ್ತದೆ, ಹತ್ತಾರು ದೇಶಗಳ ಬ್ಯಾಂಡುಗಳು ಬರುತ್ತವೆ. ಸಂಗೀತ ಕೇಳಲು ಅದು ಹಬ್ಬ. ಮನೆಗಳನ್ನು ಸಮಾಧಾನವಾಗಿ ನೋಡಬೇಕೆನ್ನುವವರಿಗೆ ಆ ವಾರ ಬೇಡ. ಫುಟ್‌ಬಾಲ್ ಪಂದ್ಯವಿರುವ ವಾರಾಂತ್ಯಗಳಲ್ಲೂ ಹೋಟೆಲ್ ದರ ಏರುತ್ತದೆ. ರೂಮು ಕಾಯ್ದಿರಿಸುವ ಮೊದಲು ಪಂದ್ಯಗಳ ಪಟ್ಟಿ ನೋಡಿಕೊಳ್ಳಿ.

ವಿಮಾನದ ಟಿಕೆಟ್ ಆದ ತಕ್ಷಣ ಮಾಡಬೇಕಾದ ಬುಕಿಂಗ್ ಒಂದೇ: ಜಾನ್ ಮತ್ತು ಪಾಲ್ ಬೆಳೆದ ಮನೆಗಳದು. ಎರಡೂ ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿವೆ. ನೇರವಾಗಿ ಬಾಗಿಲಿಗೆ ಹೋದರೆ ಒಳಗೆ ಬಿಡುವುದಿಲ್ಲ. ಟ್ರಸ್ಟಿನ ಮಿನಿಬಸ್ಸಿನಲ್ಲಿ, ಮುಂಚೆ ಟಿಕೆಟ್ ತೆಗೆದವರಿಗೆ ಮಾತ್ರ ಪ್ರವೇಶ. ಒಂದು ಸರದಿಗೆ ಆ ಬಸ್ಸಿನಲ್ಲಿ ಹಿಡಿಯುವಷ್ಟೇ ಜನ. ಚಳಿಗಾಲದಲ್ಲಿ ಮನೆಗಳು ಮುಚ್ಚಿರುತ್ತವೆ, ಉಳಿದ ಕಾಲದಲ್ಲೂ ವಾರದ ಎಲ್ಲ ದಿನ ತೆರೆದಿರುವುದಿಲ್ಲ. ಆದ್ದರಿಂದ ಮೊದಲು ಈ ಟಿಕೆಟ್, ಅದು ಸಿಕ್ಕ ದಿನಕ್ಕೆ ಹೊಂದಿಸಿ ಹೋಟೆಲ್. ಬಸ್ ಎಲ್ಲಿಂದ ಹೊರಡುತ್ತದೆ ಎಂಬುದು ಆಗಾಗ ಬದಲಾಗಿದೆ. ಹಳೆಯ ಪ್ರವಾಸ ಬರಹಗಳನ್ನು ನಂಬದೆ ನಿಮ್ಮ ಟಿಕೆಟಿನಲ್ಲಿ ಬರೆದಿರುವ ಜಾಗಕ್ಕೇ ಹೋಗಿ. ಕ್ಯಾಸ್ಬಾ ನೋಡಲೂ ಮುಂಚೆ ಸಮಯ ಕೇಳಿಕೊಳ್ಳಬೇಕು.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಲಿವರ್‌ಪೂಲ್ ಲೈಮ್ ಸ್ಟ್ರೀಟ್‌ಗೆ ನೇರ ರೈಲಿನಲ್ಲಿ ಸುಮಾರು ಎರಡೂಕಾಲು ತಾಸು. ಟಿಕೆಟನ್ನು ವಾರಗಳ ಮೊದಲೇ ತೆಗೆದರೆ ದರ ಬಹಳ ಕಡಿಮೆ. ಅದೇ ದಿನ ಕೌಂಟರಿನಲ್ಲಿ ಕೊಂಡರೆ ಹಲವು ಪಟ್ಟು ಜಾಸ್ತಿ. ಲೈಮ್ ಸ್ಟ್ರೀಟ್ ಮತ್ತು ಹೋಪ್ ಸ್ಟ್ರೀಟ್ ನಡುವೆ ಎಲ್ಲಾದರೂ ರೂಮು ಹಿಡಿಯಿರಿ. ಕ್ಯಾವರ್ನ್ ಇರುವ ಮ್ಯಾಥ್ಯೂ ಸ್ಟ್ರೀಟ್ ಮೇಲೇ ಬೇಡ, ವಾರಾಂತ್ಯದಲ್ಲಿ ಬೆಳಗಿನ ಜಾವದವರೆಗೂ ಗದ್ದಲ ಇರುತ್ತದೆ.

ಮೊದಲ ದಿನ: ದಕ್ಷಿಣದ ಬಡಾವಣೆಗಳು

ಬೆಳಿಗ್ಗೆ ಊರಿನ ನಡುವಿನಿಂದ 86ನೇ ನಂಬರಿನ ಬಸ್ ಹಿಡಿಯಿರಿ. ಸ್ಮಿತ್‌ಡೌನ್ ರಸ್ತೆಯಲ್ಲಿ ಹೋಗಿ ಪೆನ್ನಿ ಲೇನ್ ವೃತ್ತ, ಅಲ್ಲಿಂದ ಮುಂದೆ ಮ್ಯಾದರ್ ಅವೆನ್ಯೂ ಹಾದು ಹೋಗುವ ಬಸ್ ಇದು. ಕಾರ್ಡ್ ತಾಗಿಸಿದರೆ ಸಾಕು. ಎರಡು ಮೂರು ಬಾರಿ ಹತ್ತಿ ಇಳಿಯುವುದರಿಂದ ದಿನದ ಪಾಸ್ ತೆಗೆದುಕೊಂಡರೆ ಲಾಭ. ಪಾಲ್ ಮತ್ತು ಜಾರ್ಜ್ ಪರಿಚಯವಾದದ್ದು ಶಾಲೆಗೆ ಹೋಗುವ ಬಸ್ಸಿನಲ್ಲೇ, ಜಾರ್ಜ್ ಜಾನ್‌ಗೆ ಗಿಟಾರ್ ನುಡಿಸಿ ತೋರಿಸಿ ತಂಡ ಸೇರಿದ್ದೂ ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ. ಹಾಗಾಗಿ ಮೇಲಂತಸ್ತಿನ ಮುಂದಿನ ಸೀಟು ಖಾಲಿಯಿದ್ದರೆ ಬಿಡಬೇಡಿ.

ಪೆನ್ನಿ ಲೇನ್‌ನಲ್ಲಿ ಜನ ಸಾಮಾನ್ಯವಾಗಿ ಎಡವುವುದು ಇಳಿಯುವ ಜಾಗದಲ್ಲಿ. ಪೆನ್ನಿ ಲೇನ್ ಸಾಕಷ್ಟು ಉದ್ದದ ರಸ್ತೆ. ಮ್ಯಾಪಿನಲ್ಲಿ ಆ ಹೆಸರು ಹಾಕಿದರೆ ರಸ್ತೆಯ ನಡುಭಾಗಕ್ಕೋ ಗ್ರೀನ್‌ಬ್ಯಾಂಕ್ ಕಡೆಯ ತುದಿಗೋ ಕರೆದೊಯ್ಯುತ್ತದೆ. ಅಲ್ಲಿ ಹೆಸರಿನ ಫಲಕ ಬಿಟ್ಟರೆ ನೋಡಲು ಏನೂ ಇಲ್ಲ. ಬೀಟಲ್ಸ್‌ನ 1967ರ ‘ಪೆನ್ನಿ ಲೇನ್’ ಹಾಡಿನಲ್ಲಿ ಬರುವ ಕ್ಷೌರದ ಅಂಗಡಿ, ಬ್ಯಾಂಕಿನ ಮೂಲೆ, ವೃತ್ತದ ನಡುವಿನ ತಂಗುದಾಣ ಎಲ್ಲವೂ ಇನ್ನೊಂದು ತುದಿಯಲ್ಲಿ, ಸ್ಮಿತ್‌ಡೌನ್ ಪ್ಲೇಸ್ ಎಂಬಲ್ಲಿವೆ. ಮ್ಯಾಪಿನಲ್ಲಿ ಆ ಹೆಸರನ್ನೇ ಹಾಕಿ. ವೃತ್ತದ ನಡುವಿನ ಕಟ್ಟಡ ಹಳೆಯ ಟ್ರಾಮ್, ಬಸ್ ತಂಗುದಾಣ. ಈಚೆಗೆ ಅದು ಕೈ ಬದಲಾಗಿ ರೂಪವೂ ಬದಲಾಗಿದೆ. ಕ್ಷೌರದ ಅಂಗಡಿ ಇಂದಿಗೂ ಕ್ಷೌರದ ಅಂಗಡಿಯೇ. ಕತ್ತರಿಸಿಕೊಳ್ಳುವ ಉದ್ದೇಶವಿಲ್ಲದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಎದುರಿಗೇ ಸೇಂಟ್ ಬಾರ್ನಬಸ್ ಚರ್ಚು, ಚಿಕ್ಕಂದಿನಲ್ಲಿ ಪಾಲ್ ಅಲ್ಲಿನ ಗಾಯಕವೃಂದದಲ್ಲಿದ್ದ. ಹಾಡಿನ ಅಗ್ನಿಶಾಮಕ ಠಾಣೆ ಮಾತ್ರ ಇಲ್ಲಿಲ್ಲ, ಮುಂದೆ ಮ್ಯಾದರ್ ಅವೆನ್ಯೂನಲ್ಲಿದೆ. ಇಲ್ಲಿಗೆ ಮುಕ್ಕಾಲು ತಾಸು ಸಾಕು.

ಇಲ್ಲಿಂದ ಬಸ್ಸಿನಲ್ಲಿ ಮೆನ್‌ಲವ್ ಅವೆನ್ಯೂ ಕಡೆ ಹೋಗಿ. ನಡೆದರೆ ಮುಕ್ಕಾಲು ತಾಸಿನ ಹತ್ತಿರ ಬೇಕಾಗುತ್ತದೆ, ದಾರಿಯಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. 251ನೇ ನಂಬರಿನ ಮನೆಯೇ ಮೆಂಡಿಪ್ಸ್. ಜಾನ್ ತನ್ನ ದೊಡ್ಡಮ್ಮ ಮಿಮಿ ಮತ್ತು ಅವರ ಗಂಡ ಜಾರ್ಜ್ ಅವರ ಜೊತೆ ಬೆಳೆದದ್ದು ಇಲ್ಲಿ. 2002ರಲ್ಲಿ ಯೋಕೊ ಓನೊ ಮನೆಯನ್ನು ಕೊಂಡು ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಹೊರಗಿನಿಂದ ನೋಡುವಾಗ ಎರಡು ವಿಷಯ ಗಮನಿಸಿ. ಮುಂಬಾಗಿಲಿಗೆ ಹೊಂದಿಕೊಂಡ ಗಾಜಿನ ಚಿಕ್ಕ ಪಡಸಾಲೆ ಕಾಣುತ್ತದಲ್ಲ, ಗಿಟಾರ್ ಸದ್ದು ಒಳಗೆ ಬೇಡವೆಂದು ಮಿಮಿ ಹುಡುಗರನ್ನು ಕಳಿಸುತ್ತಿದ್ದದ್ದು ಅಲ್ಲಿಗೆ. ಅದರ ಮೇಲಿನ ಪುಟ್ಟ ಕೋಣೆ ಜಾನ್‌ನದು. ಮನೆಯ ಮುಂದಿನ ಎರಡು ಪಥದ ರಸ್ತೆಯಲ್ಲೇ 1958ರ ಜುಲೈ 15ರಂದು ಅವನ ತಾಯಿ ಜೂಲಿಯಾ, ಅಕ್ಕ ಮಿಮಿಯ ಮನೆಯಿಂದ ಹೊರಟವರು, ಕಾರು ಡಿಕ್ಕಿಯಾಗಿ ತೀರಿಕೊಂಡರು. ವಾಹನಗಳು ಇಂದಿಗೂ ಇಲ್ಲಿ ವೇಗವಾಗಿ ಬರುತ್ತವೆ. ಫೋಟೊಕ್ಕಾಗಿ ಹಿಂದೆ ಹಿಂದೆ ಸರಿಯುತ್ತಾ ರಸ್ತೆಗೆ ಇಳಿಯಬೇಡಿ.

ಮೆಂಡಿಪ್ಸ್‌ನಿಂದ ಹತ್ತು ನಿಮಿಷ ನಡೆದರೆ ಬೀಕನ್ಸ್‌ಫೀಲ್ಡ್ ರಸ್ತೆಯಲ್ಲಿ, ಜಾನ್ ಬರೆದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿಗೆ ಹೆಸರು ಕೊಟ್ಟ ಸ್ಟ್ರಾಬೆರಿ ಫೀಲ್ಡ್. ಸಾಲ್ವೇಶನ್ ಆರ್ಮಿ 1936ರಿಂದ 2005ರವರೆಗೆ ಇಲ್ಲಿ ಮಕ್ಕಳ ಆಶ್ರಮ ನಡೆಸುತ್ತಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಪ್ರದರ್ಶನ, ಕೆಫೆ, ತೋಟದ ಜೊತೆ ಸಾರ್ವಜನಿಕರಿಗೆ ತೆರೆಯಿತು. ರಸ್ತೆಯ ಮೇಲಿರುವ ಕೆಂಪು ಗೇಟು ನಕಲು. ಮೂಲ ಗೇಟನ್ನು 2011ರಲ್ಲಿ ತೆಗೆದರು, ಅದೀಗ ಒಳಗಿನ ತೋಟದಲ್ಲಿದೆ. ಹೊರಗಿನ ಗೇಟಿನ ಮುಂದೆ ಟೂರ್ ಬಸ್ಸುಗಳ ಸಾಲು ಇರುವಾಗ ಒಳಗೆ ಹೋಗಿ ಮೂಲ ಗೇಟಿನ ಹತ್ತಿರ ಕೂತುಕೊಳ್ಳಿ. ಬೆಳಗಿನ ಚಹಾ, ಶೌಚಾಲಯ ಎರಡಕ್ಕೂ ಈ ಭಾಗದಲ್ಲಿ ಇದೇ ಅನುಕೂಲದ ಜಾಗ.

ಮುಂದೆ ಹದಿನೈದು ನಿಮಿಷ ನಡೆದರೆ ವೂಲ್ಟನ್‌ನ ಸೇಂಟ್ ಪೀಟರ್ಸ್ ಚರ್ಚು. ಇಡೀ ದಿನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. 1957ರ ಜುಲೈ 6, ಶನಿವಾರ, ಚರ್ಚಿನ ವಾರ್ಷಿಕ ಮೇಳದಲ್ಲಿ, ಮುಂದೆ ಬೀಟಲ್ಸ್ ಆಗಿ ಬೆಳೆದ ಜಾನ್‌ನ ಕ್ವಾರಿಮೆನ್ ತಂಡ ಮಧ್ಯಾಹ್ನ ಚರ್ಚಿನ ಹಿಂದಿನ ಬಯಲಿನಲ್ಲಿ ಹಾಡಿತು. ಸಂಜೆಯ ಕಾರ್ಯಕ್ರಮಕ್ಕೆ ರಸ್ತೆಯಾಚೆಗಿನ ಹಾಲ್‌ನಲ್ಲಿ ಸಿದ್ಧತೆ ನಡೆಯುತ್ತಿದ್ದಾಗ ಇಬ್ಬರಿಗೂ ಗೆಳೆಯನಾಗಿದ್ದ ಐವನ್ ವಾನ್, ಪಾಲ್‌ನನ್ನು ಕರೆತಂದು ಪರಿಚಯಿಸಿದ. ಜಾನ್‌ಗೆ ಆಗ 16, ಪಾಲ್‌ಗೆ 15. ಜಾನ್‌ಗೆ ಗಿಟಾರನ್ನು ಸರಿಯಾಗಿ ಶ್ರುತಿ ಮಾಡಲು ಬರುತ್ತಿರಲಿಲ್ಲ, ತಾಯಿ ಕಲಿಸಿದ ಬ್ಯಾಂಜೊ ಬೆರಳುಗಾರಿಕೆಯಲ್ಲೇ ನುಡಿಸುತ್ತಿದ್ದ. ಪಾಲ್‌ಗೆ ಶ್ರುತಿಯೂ ಬರುತ್ತಿತ್ತು, ಹಾಡುಗಳ ಸಾಹಿತ್ಯವೂ ಬಾಯಿಪಾಠವಿತ್ತು. ಚರ್ಚಿಗೂ ಹಾಲ್‌ಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಹೆಚ್ಚಿನವರು ಚರ್ಚಿನ ಸ್ಮಶಾನ ನೋಡಿ ಹಾಲ್ ಕಡೆ ತಿರುಗದೆ ಹೋಗುತ್ತಾರೆ. ಫಲಕ ಹಾಲ್‌ನ ಗೋಡೆಯ ಮೇಲಿದೆ.

ಸ್ಮಶಾನದಲ್ಲಿ ಎಲಿನರ್ ರಿಗ್ಬಿ ಹೆಸರಿನ ಕಲ್ಲಿದೆ. 1939ರ ಅಕ್ಟೋಬರ್ 10ರಂದು 44ರ ವಯಸ್ಸಿನಲ್ಲಿ ತೀರಿಕೊಂಡ ಮಹಿಳೆ ಅವರು. ಬೀಟಲ್ಸ್‌ನ ‘ಎಲಿನರ್ ರಿಗ್ಬಿ’ ಹಾಡಿಗೆ ಹೆಸರು ಬೇರೆ ಕಡೆಯಿಂದ ಬಂತೆಂದು ಪಾಲ್ ಹೇಳಿದ್ದಾರೆ, ಎಂದೋ ಕಂಡದ್ದು ಮನಸ್ಸಿನಲ್ಲಿ ಉಳಿದಿರಬಹುದು ಎಂದೂ ಒಪ್ಪಿದ್ದಾರೆ. ಅದೇ ಹಾಡಿನಲ್ಲಿ ಬರುವ ಮೆಕೆಂಜಿ ಎಂಬ ಹೆಸರಿನ ಕಲ್ಲೂ ಹತ್ತಿರದಲ್ಲಿದೆ. ಜಾನ್‌ನ ದೊಡ್ಡಪ್ಪ ಜಾರ್ಜ್ ಸ್ಮಿತ್ ಅವರ ಸಮಾಧಿಯೂ ಇದೇ ಅಂಗಳದಲ್ಲಿದೆ. ಸ್ಮಶಾನ ಬಳಕೆಯಲ್ಲಿದೆ, ಕಲ್ಲುಗಳಿಗೆ ಒರಗುವುದು, ಮೇಲೆ ಕೂರುವುದು ಬೇಡ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಆ ಹೊತ್ತು ತಪ್ಪಿಸಿ. ಊಟಕ್ಕೆ ಪಕ್ಕದ ವೂಲ್ಟನ್ ವಿಲೇಜ್ ಸಾಕು.

ಮಧ್ಯಾಹ್ನ ನ್ಯಾಷನಲ್ ಟ್ರಸ್ಟ್ ಟೂರ್. ಮಿನಿಬಸ್ ಮೆಂಡಿಪ್ಸ್‌ಗೂ ಪಾಲ್ ಇದ್ದ 20, ಫೋರ್ತ್‌ಲಿನ್ ರಸ್ತೆಗೂ ಕರೆದೊಯ್ಯುತ್ತದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಫೋನ್ ಮತ್ತು ಚೀಲಗಳನ್ನು ಬಾಗಿಲಲ್ಲೇ ಇಡಬೇಕು. ಹಾಗಾಗಿ ಕಣ್ಣಿಟ್ಟು ನೋಡಬೇಕು. ಫೋರ್ತ್‌ಲಿನ್ ರಸ್ತೆಯದು ನಗರಸಭೆ ಬಾಡಿಗೆಗೆ ಕೊಡುತ್ತಿದ್ದ ಸಾಲುಮನೆ. ಮೆಕಾರ್ಟ್ನಿ ಕುಟುಂಬ ಇಲ್ಲಿಗೆ ಬಂದದ್ದು 1955ರಲ್ಲಿ, ಮರುವರ್ಷವೇ ತಾಯಿ ಮೇರಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಶಾಲೆಗೆ ಚಕ್ಕರ್ ಹೊಡೆದು ಜಾನ್ ಮತ್ತು ಪಾಲ್ ಮುಂದಿನ ಕೋಣೆಯಲ್ಲಿ ಎದುರುಬದುರು ಕೂತು ಹಾಡು ಕಟ್ಟುತ್ತಿದ್ದರು. ಪಾಲ್ ಎಡಗೈಯವನು, ಜಾನ್ ಬಲಗೈಯವನು. ಎದುರುಬದುರು ಕೂತಾಗ ಒಬ್ಬರ ಬೆರಳು ಇನ್ನೊಬ್ಬರಿಗೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಆ ಕೋಣೆ ಎಷ್ಟು ಚಿಕ್ಕದೆಂದರೆ ಇಬ್ಬರ ಗಿಟಾರ್ ತಲೆಗಳ ನಡುವೆ ಹೆಚ್ಚು ಜಾಗ ಉಳಿಯುವುದಿಲ್ಲ. ಟೂರಿನವರೆಲ್ಲ ಒಮ್ಮೆಲೇ ಒಳಗೆ ನುಗ್ಗಿದರೆ ಏನೂ ಕಾಣುವುದಿಲ್ಲ. ಮೊದಲು ಅಡುಗೆಮನೆ, ಹಿತ್ತಲು ನೋಡಿ, ಕೋಣೆ ಖಾಲಿಯಾದ ಮೇಲೆ ಅಲ್ಲಿಗೆ ಬನ್ನಿ.

ಟೂರ್ ಮುಗಿದ ಮೇಲೆ ಕಾಲಲ್ಲಿ ಶಕ್ತಿಯಿದ್ದರೆ ಎರಡು ಮನೆಗಳ ನಡುವಿನ ದಾರಿಯನ್ನು ಒಮ್ಮೆ ನಡೆಯಿರಿ. ಹುಡುಗರು ಗಾಲ್ಫ್ ಮೈದಾನದ ಮೂಲಕ ಹೋಗುತ್ತಿದ್ದರು. ಆಟ ನಡೆಯುತ್ತಿದ್ದರೆ ಒಳಗೆ ಹೋಗದೆ ಮ್ಯಾಪಿನಲ್ಲಿ ನಡಿಗೆಯ ದಾರಿ ಹಾಕಿ ಸುತ್ತಿಕೊಂಡು ಹೋಗಿ. ಮೆನ್‌ಲವ್ ಅವೆನ್ಯೂ ಕಡೆ ತೋಟವಿರುವ ಜೋಡಿಮನೆಗಳು, ಇತ್ತ ಒಂದೇ ಅಚ್ಚಿನ ಬಾಡಿಗೆ ಮನೆಗಳ ಸಾಲು. ‘ಕೆಲಸಗಾರ ವರ್ಗದ ನಾಯಕ’ ಎಂದು ಹೆಸರಾದ ಜಾನ್ ನಾಲ್ವರಲ್ಲಿ ಎಲ್ಲರಿಗಿಂತ ಅನುಕೂಲಸ್ಥರ ಮನೆಯಲ್ಲಿ ಬೆಳೆದವನು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಎರಡನೇ ದಿನ: ಹೋಪ್ ಸ್ಟ್ರೀಟ್‌ನಿಂದ ಮ್ಯಾಥ್ಯೂ ಸ್ಟ್ರೀಟ್‌ವರೆಗೆ

ಈ ದಿನ ಬಸ್ ಬೇಡ. ಹೋಪ್ ಸ್ಟ್ರೀಟ್ ಎತ್ತರದಲ್ಲಿದೆ, ಕ್ಯಾವರ್ನ್ ತಗ್ಗಿನಲ್ಲಿದೆ. ಮೇಲಿನಿಂದ ಶುರುಮಾಡಿದರೆ ಇಡೀ ದಿನ ಇಳಿಜಾರಿನ ನಡಿಗೆ.

ಹೋಪ್ ಸ್ಟ್ರೀಟ್ ಮತ್ತು ಮೌಂಟ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಸೂಟ್‌ಕೇಸುಗಳನ್ನು ಪೇರಿಸಿದ ಹಾಗಿರುವ ಶಿಲ್ಪವಿದೆ. ಅಲ್ಲಿ ನಿಂತರೆ ಎದುರಿಗೆ ಹಳೆಯ ಆರ್ಟ್ ಕಾಲೇಜು, ಅದಕ್ಕೆ ತಾಗಿದಂತೆ ಮೌಂಟ್ ಸ್ಟ್ರೀಟ್‌ನಲ್ಲಿ ಪಾಲ್ ಮತ್ತು ಜಾರ್ಜ್ ಓದಿದ ಲಿವರ್‌ಪೂಲ್ ಇನ್‌ಸ್ಟಿಟ್ಯೂಟ್. ಮುಚ್ಚಿ ಪಾಳುಬಿದ್ದಿದ್ದ ಆ ಶಾಲೆ ಪಾಲ್ ಅವರ ಮುತುವರ್ಜಿಯಿಂದ 1996ರಲ್ಲಿ ಪ್ರದರ್ಶನ ಕಲೆಗಳ ಕಾಲೇಜಾಯಿತು. ತರಗತಿಗಳು ನಡೆಯುವ ಕಾಲೇಜಾದ್ದರಿಂದ ಸುಮ್ಮನೆ ಒಳನುಗ್ಗಲಾಗದು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಇಬ್ಬರು ಹುಡುಗರು ಪಕ್ಕದ ಕಾಲೇಜಿಗೆ ಬಂದು ಜಾನ್ ಜೊತೆ ನುಡಿಸುತ್ತಿದ್ದರು. ಎರಡು ಬಾಗಿಲುಗಳ ನಡುವೆ ನೀವೇ ನಡೆದು ನೋಡಿ, ಒಂದು ನಿಮಿಷವೂ ಬೇಡ.

ಅಲ್ಲಿಂದ ರೈಸ್ ಸ್ಟ್ರೀಟ್‌ನಲ್ಲಿ ಯೀ ಕ್ರ್ಯಾಕ್ ಎಂಬ ಪುಟ್ಟ ಪಬ್, ಜಾನ್ ಮತ್ತು ಅವನ ಸಹಪಾಠಿ, ಮುಂದೆ ತಂಡದಲ್ಲಿ ಬಾಸ್ ಗಿಟಾರ್ ನುಡಿಸಿದ ಸ್ಟುವರ್ಟ್ ಸಟ್‌ಕ್ಲಿಫ್ ಕಾಲೇಜು ದಿನಗಳಲ್ಲಿ ಕೂರುತ್ತಿದ್ದದ್ದು. ಅವರಿಬ್ಬರೂ 1960ರಲ್ಲಿ ಇದ್ದ ಬಾಡಿಗೆ ಮನೆ ಆಂಗ್ಲಿಕನ್ ಕೆಥೆಡ್ರಲ್ ಎದುರಿನ ಗ್ಯಾಂಬಿಯರ್ ಟೆರೇಸ್‌ನಲ್ಲಿ. ಹೊರಗಿನಿಂದ ನೋಡಿದರೆ ಸಾಕು. ಇಳಿಯುವ ದಾರಿಯಲ್ಲಿ ಸೀಲ್ ಸ್ಟ್ರೀಟ್‌ನ ಬ್ಲೂ ಏಂಜೆಲ್ ಕಟ್ಟಡ ಸಿಗುತ್ತದೆ. 1960ರ ಮೇ 10ರಂದು ಲ್ಯಾರಿ ಪಾರ್ನ್ಸ್ ಎಂಬ ಲಂಡನ್ನಿನ ಮ್ಯಾನೇಜರ್ ಮುಂದೆ ಹುಡುಗರು ಪರೀಕ್ಷೆಗೆ ನಿಂತದ್ದು ಇಲ್ಲಿ.

ಸ್ಲೇಟರ್ ಸ್ಟ್ರೀಟ್‌ನ ಜಕರಾಂಡದಲ್ಲಿ ಕೂತು ಏನಾದರೂ ಕುಡಿಯಿರಿ. ಅಲನ್ ವಿಲಿಯಮ್ಸ್ 1958ರಲ್ಲಿ ತೆರೆದ ಕಾಫಿ ಬಾರ್ ಇದು. ನೆಲಮಾಳಿಗೆಯಲ್ಲಿ ಹುಡುಗರು ಅಭ್ಯಾಸ ಮಾಡಿದರು, ಸ್ಟುವರ್ಟ್ ಮತ್ತು ಜಾನ್ ಗೋಡೆಗೆ ಚಿತ್ರ ಬರೆದರು. ಹ್ಯಾಂಬರ್ಗಿನ ಮೊದಲ ಕೆಲಸ ಕೊಡಿಸಿ, 1960ರ ಆಗಸ್ಟ್‌ನಲ್ಲಿ ತನ್ನ ವ್ಯಾನಿನಲ್ಲಿ ಅವರನ್ನು ಕರೆದೊಯ್ದದ್ದೂ ಇದೇ ವಿಲಿಯಮ್ಸ್. ಈಗ ಮೇಲೆ ರೆಕಾರ್ಡ್ ಅಂಗಡಿ, ಕೆಳಗೆ ಸಂಗೀತ. ನೆಲಮಾಳಿಗೆಗೆ ಇಳಿಯದೆ ಬಂದರೆ ಜಕರಾಂಡ ನೋಡಿದ ಹಾಗಲ್ಲ. ಸಸ್ಯಾಹಾರಿಗಳಿಗೆ ಪಕ್ಕದ ಬೋಲ್ಡ್ ಸ್ಟ್ರೀಟ್‌ನಲ್ಲಿ ಬೇಕಾದಷ್ಟು ಆಯ್ಕೆಗಳಿವೆ.

ಸಂಜೆಗೆ ವೈಟ್‌ಚಾಪೆಲ್ ರಸ್ತೆ. ಮುಂದೆ ತಂಡದ ಮ್ಯಾನೇಜರ್ ಆದ ಬ್ರಯನ್ ಎಪ್‌ಸ್ಟೈನ್ ಅವರ ನೆಮ್ಸ್ ರೆಕಾರ್ಡ್ ಅಂಗಡಿ ಇಲ್ಲಿತ್ತು, ಈಗ ಬೇರೆ ವ್ಯಾಪಾರ. ಆ ಜಾಗದಿಂದ ಗಡಿಯಾರ ನೋಡಿಕೊಂಡು ಮ್ಯಾಥ್ಯೂ ಸ್ಟ್ರೀಟ್‌ಗೆ ನಡೆಯಿರಿ: ಎರಡು ಮೂರು ನಿಮಿಷ. 1961ರ ನವೆಂಬರ್ 9ರ ಮಧ್ಯಾಹ್ನ ಎಪ್‌ಸ್ಟೈನ್ ಇಷ್ಟೇ ದೂರ ನಡೆದು ಕ್ಯಾವರ್ನ್‌ಗೆ ಇಳಿದು ಅವರನ್ನು ಮೊದಲ ಬಾರಿ ಕೇಳಿದ್ದು.

ಕ್ಯಾವರ್ನ್ ವಿಷಯ ಸರಿಯಾಗಿ ತಿಳಿದುಕೊಂಡು ಹೋಗಿ. 1957ರ ಜನವರಿಯಲ್ಲಿ ಜಾಝ್ ಕ್ಲಬ್ಬಾಗಿ ಶುರುವಾದ ನೆಲಮಾಳಿಗೆಯಲ್ಲಿ ಬೀಟಲ್ಸ್ ಎಂಬ ಹೆಸರಿನಲ್ಲಿ ಅವರು ಮೊದಲು ನುಡಿಸಿದ್ದು 1961ರ ಫೆಬ್ರವರಿ 9ರ ಮಧ್ಯಾಹ್ನ, ಕೊನೆಯದು 1963ರ ಆಗಸ್ಟ್ 3. 1973ರಲ್ಲಿ ಭೂಗತ ರೈಲಿನ ಗಾಳಿಕೊಳವೆಗೆಂದು ಕ್ಲಬ್ ಮುಚ್ಚಿಸಿ, ಮೇಲಿನ ಕಟ್ಟಡ ಕೆಡವಿ, ನೆಲಮಾಳಿಗೆಯನ್ನು ತುಂಬಿಸಿದರು. 1984ರಲ್ಲಿ ಮತ್ತೆ ತೆರೆದದ್ದು ಹಳೆಯ ಜಾಗದ ಬಹುಭಾಗವನ್ನು ಬಳಸಿಕೊಂಡು, ಹಳೆಯ ಇಟ್ಟಿಗೆಗಳನ್ನೂ ಸೇರಿಸಿ ಕಟ್ಟಿದ ಕ್ಲಬ್. ಈಗಿನದು ಹಿಂದಿನದಕ್ಕಿಂತ ಆಳ. ಬಾಗಿಲೂ ಬೇರೆ ಕಡೆ. ಮೂಲ ಬಾಗಿಲಿದ್ದ ಜಾಗವನ್ನು ಬೀದಿಯಲ್ಲಿ ಗುರುತಿಸಿದ್ದಾರೆ. ಕಮಾನಿನ ಕೆಳಗಿನ ವೇದಿಕೆ ಹಳೆಯದರ ಮಾದರಿಯಲ್ಲಿ ಕಟ್ಟಿದ್ದು.

ಮಧ್ಯಾಹ್ನಕ್ಕೆ ಮುಂಚೆಯೇ ಹಾಡುಗಾರಿಕೆ ಶುರುವಾಗಿ ರಾತ್ರಿಯವರೆಗೂ ನಡೆಯುತ್ತದೆ. ಮಧ್ಯಾಹ್ನ ಹೋಗುವುದೇ ಮೇಲು. ಬೀಟಲ್ಸ್ ಇಲ್ಲಿ ಹೆಸರು ಮಾಡಿದ್ದೇ ಊಟದ ಬಿಡುವಿನ ಕಾರ್ಯಕ್ರಮಗಳಿಂದ, ಆಫೀಸಿನ ಹುಡುಗ ಹುಡುಗಿಯರು ಬಂದು ಕೇಳುತ್ತಿದ್ದರು. ಶನಿವಾರ ರಾತ್ರಿ ಉದ್ದದ ಸಾಲು, ಒಳಗೆ ಮದುವೆಗೆ ಮುಂಚಿನ ಪಾರ್ಟಿಗಳ ಗುಂಪು, ವೇದಿಕೆ ಕಾಣುವುದೇ ಕಷ್ಟ. ಮಕ್ಕಳಿಗೆ ಸಂಜೆಯ ಮೇಲೆ ಪ್ರವೇಶವಿಲ್ಲ, ಕುಟುಂಬದೊಂದಿಗೆ ಹೋಗುವವರು ಅಂದಿನ ಸಮಯ ವಿಚಾರಿಸಿಕೊಳ್ಳಿ. ಅಂದಿನ ಕ್ಯಾವರ್ನ್‌ನಲ್ಲಿ ಮದ್ಯ ಮಾರುತ್ತಿರಲಿಲ್ಲ, ಹಾಗಾಗಿ ಹುಡುಗರು ಅದೇ ಬೀದಿಯ ಗ್ರೇಪ್ಸ್ ಪಬ್‌ಗೆ ಹೋಗುತ್ತಿದ್ದರು. ಅದು ಇಂದಿಗೂ ಇದೆ.

ಮೂರನೇ ದಿನ: ಕ್ಯಾಸ್ಬಾ

ಒಂದೇ ಒಂದು ಜಾಗಕ್ಕೆ ಸಮಯವಿದೆ ಎನ್ನುವವರಿಗೆ ಹೇಳಬೇಕಾದದ್ದು ಕ್ಯಾವರ್ನ್ ಅಲ್ಲ, ವೆಸ್ಟ್ ಡರ್ಬಿ ಬಡಾವಣೆಯ 8, ಹೇಮನ್ಸ್ ಗ್ರೀನ್. ಮೋನಾ ಬೆಸ್ಟ್ ತಮ್ಮ ದೊಡ್ಡ ಮನೆಯ ನೆಲಮಾಳಿಗೆಯಲ್ಲಿ 1959ರ ಆಗಸ್ಟ್ 29ರಂದು ತೆರೆದ ಕ್ಯಾಸ್ಬಾ ಕಾಫಿ ಕ್ಲಬ್ ಇಲ್ಲೇ ಇದೆ. ಮೋನಾ ಹುಟ್ಟಿದ್ದು ದೆಹಲಿಯಲ್ಲಿ. ಅವರ ಮಗ, 1960ರಿಂದ 1962ರವರೆಗೆ ತಂಡದ ಡ್ರಮ್ಮರ್ ಆಗಿದ್ದ ಪೀಟ್ ಬೆಸ್ಟ್ ಹುಟ್ಟಿದ್ದು 1941ರಲ್ಲಿ ಮದರಾಸಿನಲ್ಲಿ. ಯುದ್ಧ ಮುಗಿದ 1945ರಲ್ಲಿ ಕುಟುಂಬ ಹಡಗಿನಲ್ಲಿ ಲಿವರ್‌ಪೂಲ್‌ಗೆ ಬಂತು. ಮನೆ ಕೊಳ್ಳಲು ಹಣ ಬಂದದ್ದು ಮೋನಾ ತಮ್ಮ ಒಡವೆ ಅಡವಿಟ್ಟು 1954ರ ಡರ್ಬಿ ಕುದುರೆ ರೇಸಿನಲ್ಲಿ ಕಟ್ಟಿದ ಬಾಜಿಯಿಂದ ಎಂದು ಕುಟುಂಬದವರು ಹೇಳುತ್ತಾರೆ.

ಕ್ಲಬ್ ತೆರೆದ ರಾತ್ರಿ ನುಡಿಸಿದವರು ಜಾನ್, ಪಾಲ್, ಜಾರ್ಜ್ ಮತ್ತು ಕೆನ್ ಬ್ರೌನ್ ಇದ್ದ ಕ್ವಾರಿಮೆನ್. ನುಡಿಸುವ ಮೊದಲು ಬಣ್ಣ ಬಳಿದವರೂ ಅವರೇ. 1962ರ ಜೂನ್‌ನಲ್ಲಿ ಕ್ಲಬ್ ಮುಚ್ಚಿತು, ಮತ್ತಾರೂ ಅದನ್ನು ಒಡೆದು ಹೊಸದು ಮಾಡಲಿಲ್ಲ. ಹಾಗಾಗಿ ಪಾಲ್ ಬಳಿದ ಕಾಮನಬಿಲ್ಲಿನ ಪಟ್ಟೆಗಳು, ಚಾವಣಿಯ ನಕ್ಷತ್ರಗಳು, ಮುಂದೆ ಜಾನ್‌ನ ಹೆಂಡತಿಯಾದ ಸಿಂಥಿಯಾ ಗೋಡೆಗೆ ಬರೆದ ಅವನ ನೆರಳುಚಿತ್ರ ಇದ್ದಲ್ಲೇ ಇವೆ. ಚಾವಣಿ ಕೈಗೆಟುಕುವಷ್ಟು ತಗ್ಗು. ಎತ್ತರದವರು ತಲೆ ತಗ್ಗಿಸಿ ನಡೆಯಬೇಕು, ಬಣ್ಣವನ್ನು ಯಾರೂ ಮುಟ್ಟಬಾರದು. ಊರ ನಡುವಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಸಮಯ ನಿಗದಿಯಾಗದೆ ಹೋದರೆ ಗೇಟಿನಿಂದಲೇ ವಾಪಸ್ ಬರಬೇಕಾಗುತ್ತದೆ.

ಉಳಿದ ಅರ್ಧ ದಿನದಲ್ಲಿ ವೇವರ್‌ಟ್ರೀಯ 12, ಆರ್ನಲ್ಡ್ ಗ್ರೋವ್ (ಜಾರ್ಜ್ ಹುಟ್ಟಿದ ಮನೆ) ಮತ್ತು ಡಿಂಗಲ್‌ನ 9, ಮ್ಯಾಡ್ರಿನ್ ಸ್ಟ್ರೀಟ್ (ಪೀಟ್ ನಂತರ ತಂಡದ ಡ್ರಮ್ಮರ್ ಆದ ರಿಂಗೊ ಸ್ಟಾರ್ ಹುಟ್ಟಿದ ಮನೆ) ನೋಡಬಹುದು. ಎರಡೂ ಜನ ವಾಸಿಸುವ ಇಕ್ಕಟ್ಟಾದ ಬೀದಿಗಳು. ಕಿಟಕಿಯಲ್ಲಿ ಇಣುಕದೆ, ಬಾಗಿಲು ತಟ್ಟದೆ, ಐದು ನಿಮಿಷ ನಿಂತು ಹೊರಡಿ. ಮ್ಯಾಡ್ರಿನ್ ಸ್ಟ್ರೀಟ್ ಮನೆಗಳು ನೆಲಸಮವಾಗಲಿದ್ದವು, ಊರವರು ಹೋರಾಡಿ ಉಳಿಸಿಕೊಂಡರು.

ಹ್ಯಾಂಬರ್ಗ್: ಒಂದು ಬೆಳಿಗ್ಗೆ, ಒಂದು ರಾತ್ರಿ

ಹ್ಯಾಂಬರ್ಗ್ ವಿಮಾನ ನಿಲ್ದಾಣದಿಂದ ಎಸ್1 ರೈಲು ನೇರವಾಗಿ ರೀಪರ್‌ಬಾನ್ ನಿಲ್ದಾಣಕ್ಕೆ ಹೋಗುತ್ತದೆ. ಸಾಂಕ್ಟ್ ಪೌಲಿ ಎಂಬ ಈ ಭಾಗ ಬಂದರಿನ ಪಕ್ಕದ ಮನರಂಜನೆಯ ಕೇರಿ. ನಾವಿಕರ ಬಾರುಗಳು, ವೇಶ್ಯಾವಾಟಿಕೆಗಳು, ಸಂಗೀತದ ಕ್ಲಬ್ಬುಗಳು ಅಂದೂ ಅಕ್ಕಪಕ್ಕದಲ್ಲೇ ಇದ್ದವು, ಇಂದೂ ಇವೆ. ಹಾಗಾಗಿ ಎರಡು ಸಲ ಬನ್ನಿ. ಬೆಳಿಗ್ಗೆ ಹತ್ತರ ಸುಮಾರಿಗೆ ಬೀದಿ ಖಾಲಿ, ಫಲಕಗಳನ್ನು ಓದಬಹುದು, ಮಕ್ಕಳನ್ನೂ ಕರೆತರಬಹುದು. ಕ್ಲಬ್‌ಗಳ ಒಳಗೆ ಹೋಗಲು ರಾತ್ರಿಯೇ ಬೇಕು.

ರೀಪರ್‌ಬಾನ್ ಮತ್ತು ಗ್ರೋಸೆ ಫ್ರೈಹೈಟ್ ಸೇರುವಲ್ಲಿ ಬೀಟಲ್ಸ್ ಪ್ಲಾಟ್ಸ್ ಇದೆ. 2008ರಲ್ಲಿ ಮಾಡಿದ, 29 ಮೀಟರ್ ಅಗಲದ ಕಪ್ಪು ಕಲ್ಲಿನ ವೃತ್ತ, ರೆಕಾರ್ಡ್ ತಟ್ಟೆಯ ಆಕಾರ. ಸುತ್ತ ಉಕ್ಕಿನ ಆಕೃತಿಗಳು. ಡ್ರಮ್ಮರ್ ಆಕೃತಿಯನ್ನು ಪೀಟ್ ಬೆಸ್ಟ್, ರಿಂಗೊ ಇಬ್ಬರಿಗೂ ಸಲ್ಲುವಂತೆ ಮಾಡಿದ್ದಾರೆ. ಇಲ್ಲಿ ಹೆಚ್ಚು ಹೊತ್ತು ಬೇಡ, ಬೀದಿಯೊಳಗೆ ಹೊರಡಿ.

36ನೇ ನಂಬರಿನ ಕಟ್ಟಡದ ನೆಲಮಾಳಿಗೆ ಕೈಸರ್‌ಕೆಲ್ಲರ್. 1960ರ ಅಕ್ಟೋಬರ್ 4ರಿಂದ ನವೆಂಬರ್ ಕೊನೆಯವರೆಗೆ ಇಲ್ಲಿ ನುಡಿಸಿದರು. ಅದೇ ವೇದಿಕೆಯಲ್ಲಿ ಸರದಿಯ ಮೇಲೆ ನುಡಿಸುತ್ತಿದ್ದ ರೋರಿ ಸ್ಟಾರ್ಮ್ ತಂಡದ ಡ್ರಮ್ಮರ್ ರಿಂಗೊ. ಕ್ಲಾಸ್ ಫೋರ್ಮನ್, ಆಸ್ಟ್ರಿಡ್ ಕಿರ್ಶ್‌ಹೆರ್, ಯುರ್ಗೆನ್ ಫೋಲ್ಮರ್ ಎಂಬ ಮೂವರು ಹ್ಯಾಂಬರ್ಗ್ ಗೆಳೆಯರು ಅವರನ್ನು ಕಂಡದ್ದೂ ಇಲ್ಲೇ. ಎದುರಿನ 39ನೇ ನಂಬರಿನ ಅಂಗಳದಲ್ಲಿ ಸ್ಟಾರ್ ಕ್ಲಬ್ ಇತ್ತು. 1962ರ ಏಪ್ರಿಲ್ 13ರಂದು ತೆರೆದು 1969ರ ಕೊನೆಯಲ್ಲಿ ಮುಚ್ಚಿತು, ಕಟ್ಟಡ 1980ರ ದಶಕದಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಅಲ್ಲಿ ನುಡಿಸಿದವರ ಹೆಸರು ಕೆತ್ತಿದ ಕಪ್ಪು ಕಲ್ಲು ಅಂಗಳದ ಒಳಗಿದೆ, ರಸ್ತೆಯಿಂದ ಕಾಣುವುದಿಲ್ಲ. 29ನೇ ನಂಬರಿನಲ್ಲಿ ಗ್ರೆಟೆಲ್ ಉಂಡ್ ಅಲ್ಫೋನ್ಸ್, ಹುಡುಗರು ಕುಡಿಯಲು ಹೋಗುತ್ತಿದ್ದ ಚಿಕ್ಕ ಬಾರು.

ಬೀದಿಯಲ್ಲಿ ಇನ್ನೂ ಮುಂದೆ, ದೀಪಗಳು ಕಡಿಮೆಯಾಗುವ ಕಡೆ, 64ನೇ ನಂಬರಿನಲ್ಲಿ ಇಂದ್ರ ಕ್ಲಬ್. 1960ರ ಆಗಸ್ಟ್ 17ರ ರಾತ್ರಿ ಅವರು ಹ್ಯಾಂಬರ್ಗಿನಲ್ಲಿ ಮೊದಲು ನುಡಿಸಿದ ಜಾಗ. ವಾರದ ದಿನಗಳಲ್ಲಿ ನಾಲ್ಕೂವರೆ ತಾಸು, ಶನಿವಾರ ಭಾನುವಾರ ಆರು ತಾಸು ನುಡಿಸಬೇಕೆಂಬ ಕರಾರು. ಅಷ್ಟು ಹೊತ್ತು ತುಂಬಿಸಲು ಗೊತ್ತಿದ್ದ ಹಾಡುಗಳು ಸಾಲದೆ ಹೊಸವನ್ನು ಕಲಿಯಬೇಕಾಯಿತು, ಒಂದೇ ಹಾಡನ್ನು ಹಿಗ್ಗಿಸಬೇಕಾಯಿತು. ಲಿವರ್‌ಪೂಲ್‌ಗೆ ಮರಳಿ 1960ರ ಡಿಸೆಂಬರ್ 27ರಂದು ಲಿದರ್‌ಲೆಂಡ್ ಟೌನ್ ಹಾಲ್‌ನಲ್ಲಿ ನುಡಿಸಿದಾಗ ಜನ ಬೆರಗಾದದ್ದು ಈ ದುಡಿಮೆಯ ಫಲ. ಇಂದ್ರದಲ್ಲಿ ಇಂದಿಗೂ ಸಂಗೀತ ನಡೆಯುತ್ತದೆ. ಎಲ್ಲ ರಾತ್ರಿಯೂ ತೆರೆದಿರುವುದಿಲ್ಲ, ಅವರ ಕಾರ್ಯಕ್ರಮ ಪಟ್ಟಿ ನೋಡಿಯೇ ದಿನ ಗೊತ್ತುಮಾಡಿ.

ಇಂದ್ರದ ಹತ್ತಿರವೇ ಪೌಲ್ ರೂಸೆನ್ ಸ್ಟ್ರಾಸೆ. 33ನೇ ನಂಬರಿನ ಬಾಂಬಿ ಕಿನೊ ಎಂಬ ಸಿನಿಮಾ ಮಂದಿರದಲ್ಲಿ ಪರದೆಯ ಹಿಂದಿನ ಕಿಟಕಿಯಿಲ್ಲದ ಕೋಣೆಗಳಲ್ಲಿ ಅವರನ್ನು ಮಲಗಿಸಿದ್ದರು, ಮುಖ ತೊಳೆಯಲು ಮಂದಿರದ ಶೌಚಾಲಯ. ಈಗ ಫಲಕವಷ್ಟೇ ಇದೆ. ಇಂದ್ರದಿಂದ ಇಲ್ಲಿಗೆ ನಡೆದರೆ, ಬೆಳಗಿನ ಜಾವ ನುಡಿಸಿ ಮುಗಿಸಿ ಮಲಗಲು ಬರುತ್ತಿದ್ದ ದಾರಿ ಎಷ್ಟು ಗಿಡ್ಡವೆಂದು ತಿಳಿಯುತ್ತದೆ. ಆ ನವೆಂಬರ್‌ನಲ್ಲಿ ಜಾರ್ಜ್‌ಗೆ 18 ತುಂಬಿಲ್ಲವೆಂದು ಗಡೀಪಾರು ಮಾಡಿದರು. ಕೋಣೆ ಖಾಲಿ ಮಾಡುವಾಗ ಬೆಂಕಿ ಹಚ್ಚಿದರೆಂಬ ದೂರಿನ ಮೇಲೆ ಪಾಲ್ ಮತ್ತು ಪೀಟ್‌ನನ್ನು ಹಿಡಿದು ಊರಿಗೆ ಕಳಿಸಿದರು. ಅವರನ್ನು ಕರೆದೊಯ್ದ ಡೇವಿಡ್‌ವಾಖೆ ಪೊಲೀಸ್ ಠಾಣೆ ರೀಪರ್‌ಬಾನ್ ಮೇಲೆ ಇಂದಿಗೂ ಕೆಲಸ ಮಾಡುತ್ತಿದೆ. ಅದೇ ರಸ್ತೆಯ 136ನೇ ನಂಬರಿನಲ್ಲಿ 1961ರಲ್ಲಿ ಮೂರು ತಿಂಗಳು ನುಡಿಸಿದ ಟಾಪ್ ಟೆನ್ ಕ್ಲಬ್ ಇತ್ತು.

ಹತ್ತು ನಿಮಿಷದ ದೂರದಲ್ಲಿ ವೋಲ್‌ವಿಲ್ ಸ್ಟ್ರಾಸೆಯ 22ರಲ್ಲಿ ಯೇಗರ್ ಪಸಾಜ್ ಎಂಬ ಒಳ ಅಂಗಳವಿದೆ. ಯುರ್ಗೆನ್ ಫೋಲ್ಮರ್ 1961ರಲ್ಲಿ ಜಾನ್‌ನನ್ನು ಬಾಗಿಲಿಗೆ ಒರಗಿಸಿ ತೆಗೆದ ಚಿತ್ರ 1975ರಲ್ಲಿ ಜಾನ್‌ನ ಆಲ್ಬಂ ಒಂದರ ಮುಖಪುಟವಾಯಿತು. ಆ ಮುಖಪುಟದ ಚಿತ್ರ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಕಮಾನು ಮತ್ತು ಇಟ್ಟಿಗೆ ಹೋಲಿಸಿದರೆ ಬಾಗಿಲು ಸಿಗುತ್ತದೆ. ಮೇಲೆ ಜನ ವಾಸವಿದ್ದಾರೆ, ದನಿ ತಗ್ಗಿಸಿ ಮಾತಾಡಿ. ಊಟಕ್ಕೆ ಇಲ್ಲಿಂದ ಶಾಂಟ್ಸೆ ಬಡಾವಣೆ ಹತ್ತಿರ, ಫಲಾಫೆಲ್ ಸುಲಭವಾಗಿ ಸಿಗುತ್ತದೆ.

ರಾತ್ರಿಯ ಓಡಾಟಕ್ಕೆ ಕೆಲವು ಎಚ್ಚರಿಕೆಗಳು. ನಗದು ಯೂರೊ ಇಟ್ಟುಕೊಳ್ಳಿ, ಚಿಕ್ಕ ಬಾರುಗಳಲ್ಲಿ ಕಾರ್ಡ್ ನಡೆಯದಿರಬಹುದು. ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ ಕಡೆ ಹೋಗಬೇಡಿ, ಹೋದರೂ ದರಪಟ್ಟಿ ನೋಡದೆ ಏನೂ ಹೇಳಬೇಡಿ. ಹೆರ್ಬರ್ಟ್ ಸ್ಟ್ರಾಸೆ ಎಂಬ ಗೇಟು ಹಾಕಿದ ಬೀದಿಗೆ ಮಹಿಳೆಯರಿಗೂ 18ಕ್ಕಿಂತ ಚಿಕ್ಕವರಿಗೂ ಪ್ರವೇಶವಿಲ್ಲ. ಬೀದಿಯಲ್ಲಿ ನಿಂತಿರುವ ಹೆಣ್ಣುಮಕ್ಕಳತ್ತ ಕ್ಯಾಮೆರಾ ತಿರುಗಿಸಲೇಬೇಡಿ. ಅದು ಅವರಿಗೆ ಮಾಡುವ ಅವಮಾನ, ಜಗಳಕ್ಕೂ ಕಾರಣವಾಗುತ್ತದೆ. ವಾರಾಂತ್ಯದ ರಾತ್ರಿಗಳಲ್ಲಿ ಗಾಜಿನ ಬಾಟಲಿ ಹಿಡಿದು ಓಡಾಡಿದರೆ ದಂಡ. ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಎಸ್ ರೈಲು ಓಡುತ್ತದೆ. ಇಂದ್ರದಲ್ಲಿ ಕೊನೆಯ ಹಾಡಿನವರೆಗೆ ನಿಲ್ಲಬೇಕೆನ್ನುವವರು ಆ ಎರಡರಲ್ಲಿ ಒಂದು ರಾತ್ರಿಯನ್ನೇ ಆರಿಸಿಕೊಳ್ಳಿ.